ಮಿಷಿನ್ ಸುಳ್ ಹೇಳ್ತದಾ ಅಕ್ಕ?

ಈ ಎರಡು ತಿಂಗಳಲ್ಲಿ ರಾತ್ರಿ ನಿದ್ದೆಗೆಟ್ಟು ಏನೇನೋ ನೋಡಿದೆ. ಅರ್ಧಕ್ಕೇ ಬಿಟ್ಟಿದ್ದು ಬಹಳ, ಪೂರ್ತಿ ನೋಡಿ ಮರೆತಿದ್ದು ಇನ್ನೂ ಬಹಳ. ಮೂರು ಮಾತ್ರ ತಲೆಯೊಳಗೆ ಉಳಿದುಬಿಟ್ಟವು. ಒಂದು ಸಿನಿಮಾ, ಎರಡು ಸೀರೀಸ್. ಮೂರೂ ನಿಜವಾಗಿ ನಡೆದ ಕಥೆಗಳು. ಒಂದು ಸೋವಿಯತ್ ಒಕ್ಕೂಟದ್ದು, ಒಂದು ಅಮೆರಿಕದ್ದು, ಇನ್ನೊಂದು ಇಂಗ್ಲೆಂಡಿನದ್ದು. ನೋಡುವಾಗ ಮೂರಕ್ಕೂ ಸಂಬಂಧವೇ ಇಲ್ಲ ಅನ್ಕೊಂಡಿದ್ದೆ. ಆಮೇಲೊಂದು ದಿನ ಬೆಳ್ಳಂದೂರಿನ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕ್ಕೊಂಡು ಕೂತಿದ್ದಾಗ ಹೊಳೀತು: ಮೂರೂ ನಮ್ಮೂರ ಹಾಲಿನ ಡೈರಿಯ ಕಥೆಗಳೇ. ಹಾಗಾಗಿ ಡೈರಿಯಿಂದಲೇ ಶುರು ಮಾಡ್ತೀನಿ.

ನಾನು ಬಿಇ ಎರಡನೇ ವರ್ಷದಲ್ಲಿದ್ದಾಗ ನಮ್ಮೂರ ಡೈರಿಗೆ ಫ್ಯಾಟ್ ನೋಡುವ ಎಲೆಕ್ಟ್ರಾನಿಕ್ ಮಿಷಿನ್ ಬಂತು. ಒಂದು ಚೂರು ಹಾಲು ಕುಡಿಸಿದರೆ ಸಾಕು, ಕೆಂಪು ಅಕ್ಷರದಲ್ಲಿ ನಂಬರ್ ತೋರಿಸೋದು. ಆ ನಂಬರ್ ಮೇಲೆ ಲೀಟರಿಗೆ ಎಷ್ಟು ಅಂತ ರೇಟು. ಬಂದ ಕೆಲವು ತಿಂಗಳಿಗೆ ನಮ್ಮ ಸೀಮೆಹಸುವಿನ ಹಾಲಿನ ಫ್ಯಾಟ್ ಮೂರೂವರೆಯಿಂದ ಎರಡೂ ಮುಕ್ಕಾಲಕ್ಕೆ ಇಳಿಯಿತು. ಬಟವಾಡೆ ದಿನ ಅವ್ವನ ಕೈಗೆ ಬಂದ ದುಡ್ಡೂ ಇಳಿಯಿತು. ಅವ್ವ ಸುಮ್ಮನಿರುವ ಹೆಂಗಸಲ್ಲ. "ನಾನು ನೀರ್ ಬೆರಸಿಲ್ಲ. ಮನೇಲಿ ಕಾಸಿದ್ರೆ ಬೆರಳ್ ದಪ್ಪ ಕೆನೆ ಕಟ್ತದೆ. ಅದೆಂಗೆ ಕಮ್ಮಿ ಬತ್ತದೆ?" ಅಂತ ಸೆಕ್ರೆಟ್ರಿಯನ್ನ ಸಾಲಿನಲ್ಲೇ ನಿಂತು ಕೇಳಿದಳು. ಅವನು ನಗುತ್ತಾ ಹೇಳಿದ್ದು ಒಂದೇ ಮಾತು: "ನಾನೇನ್ ಮಾಡ್ಲಿ ಹೇಳು, ಮಿಷಿನ್ ಸುಳ್ ಹೇಳ್ತದಾ ಅಕ್ಕ?"

ಸಾಲಿನಲ್ಲಿದ್ದವರು ನಕ್ಕರು. ರಜೆಗೆ ಬಂದಿದ್ದ ನಾನು, ಊರಿನ ಮೊದಲ ಇಂಜಿನಿಯರ್ ಆಗಲಿರುವವನು, ಪಕ್ಕದಲ್ಲೇ ನಿಂತಿದ್ದೆ. ಮನೆಗೆ ಬಂದ ಮೇಲೆ ಅವ್ವನಿಗೆ ಸೆನ್ಸರ್ ಅಂದ್ರೇನು, ರೀಡಿಂಗ್ ಅಂದ್ರೇನು ಅಂತ ಪಾಠ ಮಾಡಿದೆ. "ಮಿಷಿನ್ನಿಗೆ ನಿನ್ನ ಮೇಲೇನು ದ್ವೇಷಾನಾ ಅವ್ವ?" ಅಂತಲೂ ಅಂದೆ. ಅವಳು ಏನೂ ಮಾತಾಡದೆ ಹಸುಗೆ ಹುಲ್ಲು ಹಾಕೋಕೆ ಹೋದಳು.

ಈ ಡೈರಿಯನ್ನ ಇಲ್ಲಿಗೇ ನಿಲ್ಲಿಸ್ತೀನಿ. ಮುಂದಕ್ಕೆ ಮತ್ತೆ ಬರುತ್ತೆ.

ಮೊದಲನೆಯದು: ಚೆರ್ನೋಬಿಲ್

2019ರಲ್ಲಿ ಎಚ್‌ಬಿಒ ಮತ್ತು ಸ್ಕೈ ಸೇರಿ ಮಾಡಿದ ಐದು ಕಂತಿನ ಸೀರೀಸ್. ಬರೆದವನು ಕ್ರೇಗ್ ಮೇಜಿನ್. ಎಲ್ಲರೂ ನೋಡಿ ಮುಗಿಸಿದ ಎಷ್ಟೋ ವರ್ಷದ ಮೇಲೆ ನಾನು ನೋಡಿದೆ. ನಿಮ್ಮಲ್ಲಿ ನನ್ನಂಥ ಸೋಮಾರಿಗಳು ಇನ್ನೂ ಇದ್ದರೆ ಈ ವಾರಾಂತ್ಯವೇ ನೋಡಿಬಿಡಿ. ಊಟ ಮಾಡ್ತಾ ಮಾತ್ರ ನೋಡಬೇಡಿ.

1986ರ ಏಪ್ರಿಲ್ 26, ರಾತ್ರಿ 1 ಗಂಟೆ 23 ನಿಮಿಷ. ಈಗಿನ ಉಕ್ರೇನಿನಲ್ಲಿರುವ ಚೆರ್ನೋಬಿಲ್ ಅಣುಸ್ಥಾವರದ ನಾಲ್ಕನೇ ರಿಯಾಕ್ಟರ್ ಸಿಡಿಯುತ್ತದೆ. ಆ ಕ್ಷಣಕ್ಕಿಂತ ನನ್ನನ್ನ ಹಿಡಿದಿಟ್ಟಿದ್ದು ಅದರ ನಂತರದ ಕೆಲವು ಗಂಟೆಗಳು. ವಿಕಿರಣ ಎಷ್ಟಿದೆ ಅಂತ ಅಳೆದವರು ಮೇಲಿನವರಿಗೆ ಹೇಳುವ ಸಂಖ್ಯೆ: ಗಂಟೆಗೆ 3.6 ರಾಂಟ್‌ಜನ್. ಕೇಳಿದವರಿಗೆ ಸಮಾಧಾನ. ಒಳ್ಳೇದಲ್ಲ ನಿಜ, ಆದರೆ ಪ್ರಳಯವೇನೂ ಅಲ್ಲ ಅನ್ನುವಂಥ ನಂಬರ್ ಅದು. ಅಲ್ಲೇ ಇರೋದು ಗುಟ್ಟು. ಅವರ ಕೈಯಲ್ಲಿದ್ದ ಮೀಟರು ತೋರಿಸಬಲ್ಲ ಗರಿಷ್ಠ ಸಂಖ್ಯೆಯೇ 3.6! ಐದು ಕೆಜಿ ತೂಗುವ ಸ್ಪ್ರಿಂಗ್ ತಕ್ಕಡಿಗೆ ರಾಗಿ ಮೂಟೆ ನೇತುಹಾಕಿದರೆ ಮುಳ್ಳು ಐದರ ಹತ್ತಿರ ಹೋಗಿ ನಿಂತ್ಕೊಳ್ಳುತ್ತೆ. "ನೋಡಿ, ಮೂಟೆ ಐದೇ ಕೆಜಿ" ಅಂದ ಹಾಗಾಯ್ತು. ಸಿಡಿದ ರಿಯಾಕ್ಟರಿನ ಚೂರುಗಳು ಬಿದ್ದಿದ್ದ ಕಡೆ ನಿಜವಾಗಿ ಇದ್ದದ್ದು ಗಂಟೆಗೆ ಸಾವಿರಾರು ರಾಂಟ್‌ಜನ್.

ಇಷ್ಟು ದೊಡ್ಡ ತಪ್ಪು ಹೇಗಾಯ್ತು? ಮೀಟರ್ ಸುಳ್ಳು ಹೇಳಲಿಲ್ಲ. ತನಗೆ ಗೊತ್ತಿದ್ದಷ್ಟು ಹೇಳಿತು. ಆ ನಂಬರು ಎಲ್ಲರಿಗೂ ಅನುಕೂಲವಾಗಿತ್ತು, ಅದಕ್ಕೆ ಯಾರೂ ಮರುಪ್ರಶ್ನೆ ಹಾಕಲಿಲ್ಲ. ಪಕ್ಕದ ಪ್ರಿಪ್ಯತ್ ಪಟ್ಟಣದಲ್ಲಿ ಆಗ ಸುಮಾರು 49,000 ಜನ. ಅವರನ್ನ ಬಸ್ಸುಗಳಲ್ಲಿ ತುಂಬಿ ಸಾಗಿಸಲು ಶುರು ಮಾಡಿದ್ದು ಮರುದಿನ ಮಧ್ಯಾಹ್ನ, ಅಂದ್ರೆ ಹತ್ತಿರ ಹತ್ತಿರ 36 ಗಂಟೆ ಕಳೆದ ಮೇಲೆ. ಹೊರಜಗತ್ತಿಗೆ ಸುದ್ದಿ ಮುಟ್ಟಿದ್ದಂತೂ ಏಪ್ರಿಲ್ 28ಕ್ಕೆ. ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಸ್ವೀಡನ್ನಿನ ಫೋರ್ಸ್‌ಮಾರ್ಕ್ ಅಣುಸ್ಥಾವರದಲ್ಲಿ ಒಬ್ಬ ನೌಕರನ ಶೂಗೆ ಅಂಟಿದ್ದ ಧೂಳಿಗೆ ಅಲಾರಂ ಹೊಡೆದುಕೊಂಡಾಗ. ಅಲ್ಲಿನವರು ಮೊದಲು ತಮ್ಮದೇ ಸ್ಥಾವರ ಸೋರುತ್ತಿದೆ ಅಂದುಕೊಂಡು ಹುಡುಕಿದರು. ತಮ್ಮದಲ್ಲ ಅಂತ ಖಾತ್ರಿಯಾದ ಮೇಲೆ ಗಾಳಿ ಯಾವ ಕಡೆಯಿಂದ ಬೀಸ್ತಿದೆ ಅಂತ ನೋಡಿದರು. ಮೊದಲು ತಮ್ಮ ಮೇಲೆ ಅನುಮಾನ, ಆಮೇಲೆ ಪಕ್ಕದವರ ಮೇಲೆ. ಇದನ್ನ ನೆನಪಿಟ್ಟುಕೊಳ್ಳಿ.

ನನ್ನಂಥ ಸಾಫ್ಟ್‌ವೇರಿನವರು ಕೊನೆಯ ಕಂತನ್ನ ಎರಡು ಸಲ ನೋಡಬೇಕು. ರಿಯಾಕ್ಟರ್ ಕೈ ಮೀರುತ್ತಿದೆ ಅನ್ನಿಸಿದಾಗ ನಿಲ್ಲಿಸೋಕೆ ಒಂದು ಬಟನ್ ಇತ್ತು, ಎಝಡ್-5 ಅಂತ. ಆ ರಾತ್ರಿ ಒತ್ತಿದರು. ನಿಲ್ಲಿಸಬೇಕಾದ ಕಂಟ್ರೋಲ್ ರಾಡುಗಳ ತುದಿಯಲ್ಲಿದ್ದ ಗ್ರಾಫೈಟ್‌ನಿಂದಾಗಿ ಒಳಗಿಳಿಯುವ ಮೊದಲ ಕೆಲವು ಕ್ಷಣ ಶಕ್ತಿ ಇನ್ನೂ ಏರಿತು. ಬ್ರೇಕ್ ತುಳಿದರೆ ಕಾರು ಮುಂದಕ್ಕೆ ನುಗ್ಗಿದ ಹಾಗೆ. ಈ ದೋಷ 1983ರಲ್ಲೇ ಲಿಥುವೇನಿಯಾದ ಇಗ್ನಾಲಿನಾ ಸ್ಥಾವರದಲ್ಲಿ ಕಣ್ಣಿಗೆ ಬಿದ್ದಿತ್ತು. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ "ನೋನ್ ಇಶ್ಯೂ". ಬ್ಯಾಕ್‌ಲಾಗಿನಲ್ಲಿ ಮಲಗಿತ್ತು.

ಆದರೆ ಅಪಘಾತದ ನಂತರ ಜಗತ್ತಿಗೆ ಸಿಕ್ಕ ಮೊದಲ ವಿವರಣೆ ಏನು ಗೊತ್ತಾ? ಆಪರೇಟರ್‌ಗಳ ತಪ್ಪು. ಡ್ಯೂಟಿಯಲ್ಲಿದ್ದವರು ನಿಯಮ ಮುರಿದರು ಅಂತ. 1987ರಲ್ಲಿ ವಿಚಾರಣೆ ಆಯ್ತು, ಡ್ಯಾಟ್ಲೊವ್ ಸೇರಿದಂತೆ ಮೂವರಿಗೆ ಹತ್ತು ಹತ್ತು ವರ್ಷ ಶಿಕ್ಷೆ ಆಯ್ತು. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಜ್ಞರ ತಂಡ ತನ್ನ 1986ರ ವರದಿಯನ್ನ ತಿದ್ದಿ, ರಿಯಾಕ್ಟರಿನ ವಿನ್ಯಾಸದಲ್ಲೇ ದೊಡ್ಡ ದೋಷವಿತ್ತು ಅಂತ ಒಪ್ಪಿ ಬರೆದದ್ದು 1992ರಲ್ಲಿ. ಆಪರೇಟರ್‌ಗಳು ಸಾಚಾ ಅಂತ ನಾನು ಹೇಳ್ತಿಲ್ಲ, ತಪ್ಪುಗಳನ್ನ ಅವರೂ ಮಾಡಿದ್ದರು. ಆದರೆ ಅವರು ಒತ್ತಿದ ಬಟನ್ ಏನು ಮಾಡುತ್ತೆ ಅನ್ನೋದನ್ನ ಅವರಿಗೆ ಯಾರೂ ಹೇಳಿರಲಿಲ್ಲ.

ಒಂದು ಎಚ್ಚರಿಕೆ. ಸೀರೀಸಿನಲ್ಲಿ ಬರುವ ಉಲಾನಾ ಖೋಮ್ಯುಕ್ ಅನ್ನುವ ವಿಜ್ಞಾನಿ ಕಲ್ಪಿತ ಪಾತ್ರ, ಹಲವು ವಿಜ್ಞಾನಿಗಳನ್ನ ಒಬ್ಬಳಲ್ಲಿ ಸೇರಿಸಿದ್ದಾರೆ. ಕೊನೆಯ ಕಂತಿನ ಕೋರ್ಟಿನಲ್ಲಿ ಲೆಗಸೊವ್ ಮಾಡುವ ಭಾಷಣವೂ ನಡೆದದ್ದಲ್ಲ, ಆತ ಆ ವಿಚಾರಣೆಯಲ್ಲಿ ಇರಲೇ ಇಲ್ಲ. ಆದರೆ ಆತ ತಾನು ಕಂಡದ್ದನ್ನ ಟೇಪಿನಲ್ಲಿ ಹೇಳಿಟ್ಟಿದ್ದು ನಿಜ, 1988ರ ಏಪ್ರಿಲ್‌ನಲ್ಲಿ, ಅಪಘಾತಕ್ಕೆ ಎರಡು ವರ್ಷ ತುಂಬಿದ ಹೊತ್ತಿಗೆ, ತಾನೇ ಜೀವ ತೆಗೆದುಕೊಂಡದ್ದೂ ನಿಜ.

ಎರಡನೆಯದು: ಹಿಡನ್ ಫಿಗರ್ಸ್

ಚೆರ್ನೋಬಿಲ್ ನೋಡಿ ಎದೆ ಭಾರವಾಗಿರುತ್ತೆ. ಅದಕ್ಕೆ ಮದ್ದು ಇದು. 2016ರ ಸಿನಿಮಾ, ಮಾರ್ಗೊಟ್ ಲೀ ಶೆಟರ್ಲಿ ಬರೆದ ಪುಸ್ತಕದಿಂದ ಮಾಡಿದ್ದು. ಮಕ್ಕಳನ್ನೂ ಕೂರಿಸ್ಕೊಂಡು ನೋಡಬಹುದು. ನಾನು ನನ್ನ ಅಣ್ಣನ ಮಗಳ ಜೊತೆ ನೋಡಿದೆ. ಎಂಟನೇ ಕ್ಲಾಸು, ಗಣಿತ ಅಂದ್ರೆ ದೂರ ಓಡೋಳು. ಸಿನಿಮಾ ಮುಗಿದ ಮೇಲೂ ಗಣಿತದಿಂದ ದೂರವೇ ಇದ್ದಾಳೆ, ಆದರೆ "ಚಿಕ್ಕಪ್ಪ, ಕಂಪ್ಯೂಟರ್ ಅನ್ನೋದು ಮನುಷ್ಯರ ಹೆಸರಾ?" ಅಂತ ಕೇಳಿದಳು. ಅಷ್ಟಾದರೂ ಲಾಭ.

ಹೌದು, ಆಗ "ಕಂಪ್ಯೂಟರ್" ಅನ್ನೋದು ಒಂದು ಉದ್ಯೋಗದ ಹೆಸರು. ಕೂತು ಲೆಕ್ಕ ಮಾಡುವವರು. ಅಮೆರಿಕದ ವರ್ಜೀನಿಯಾದ ಲ್ಯಾಂಗ್ಲಿಯಲ್ಲಿ ವಿಮಾನಗಳ, ಆಮೇಲೆ ರಾಕೆಟ್‌ಗಳ ಲೆಕ್ಕ ಮಾಡಲು ಹೆಂಗಸರ ತಂಡಗಳಿದ್ದವು. ಕಪ್ಪು ಹೆಂಗಸರಿಗೆ ಬೇರೆಯದೇ ವಿಭಾಗ, ವೆಸ್ಟ್ ಏರಿಯಾ ಕಂಪ್ಯೂಟಿಂಗ್ ಅಂತ. ಊಟದ ಟೇಬಲ್ಲೂ ಬೇರೆ. ಅಲ್ಲಿದ್ದ ಡೊರೊಥಿ ವಾನ್, ಮೇರಿ ಜಾಕ್ಸನ್, ಕ್ಯಾಥರೀನ್ ಜಾನ್ಸನ್ ಈ ಮೂವರ ಕಥೆ ಸಿನಿಮಾದ್ದು.

1962ರ ಫೆಬ್ರವರಿ 20. ಜಾನ್ ಗ್ಲೆನ್ ಭೂಮಿಗೆ ಸುತ್ತು ಹಾಕಿದ ಮೊದಲ ಅಮೆರಿಕನ್ನನಾದ ದಿನ. ಆ ಹೊತ್ತಿಗೆ ಲೆಕ್ಕ ಮಾಡಲು ಐಬಿಎಂನ ದೊಡ್ಡ ಯಂತ್ರ ಬಂದುಬಿಟ್ಟಿತ್ತು. ಆದರೆ ಕ್ಯಾಪ್ಸೂಲಿನೊಳಗೆ ಕೂರುವವನು ತಾನು ತಾನೇ? ಮಿಷಿನ್ ಕೊಟ್ಟ ಸಂಖ್ಯೆಗಳನ್ನ ಕ್ಯಾಥರೀನ್ ಜಾನ್ಸನ್ ಕೈಯಾರೆ ಲೆಕ್ಕ ಮಾಡಿ ನೋಡಲಿ, ಆಕೆ ಸರಿ ಅಂದರೆ ನಾನು ಹೊರಡ್ತೀನಿ ಅಂತ ಗ್ಲೆನ್ ಕೇಳಿಕೊಂಡ. ಆಕೆ ಮೇಜಿನ ಮೇಲಿನ ಲೆಕ್ಕದ ಯಂತ್ರ ಇಟ್ಟುಕೊಂಡು ಕೂತಳು. ಸಿನಿಮಾದಲ್ಲಿ ಇದು ಉಡಾವಣೆಯ ದಿನವೇ ಓಡೋಡಿ ನಡೆಯುತ್ತೆ. ನಿಜವಾಗಿ ನಡೆದದ್ದು ಕೆಲವು ದಿನ ಮುಂಚೆ, ಒಂದೂವರೆ ದಿನ ಹಿಡಿದ ಲೆಕ್ಕ. ಎರಡೂ ತಾಳೆಯಾದವು. ಗ್ಲೆನ್ ಮೂರು ಸುತ್ತು ಹಾಕಿ, ಐದು ಗಂಟೆಗೆ ಸ್ವಲ್ಪ ಕಮ್ಮಿ ಹೊತ್ತಿನಲ್ಲಿ ಸಮುದ್ರಕ್ಕಿಳಿದ.

ಇಲ್ಲಿ ಮಿಷಿನ್ ತಪ್ಪು ಮಾಡಿರಲಿಲ್ಲ, ಗಮನಿಸಿ. ಐಬಿಎಂ ಯಂತ್ರ ಸರಿಯಾಗೇ ಇತ್ತು. ಗ್ಲೆನ್‌ನ ಅನುಮಾನ ಮಿಷಿನ್ ಮೇಲಿನ ದ್ವೇಷವಲ್ಲ. ಲೆಕ್ಕ ತಪ್ಪಿದರೆ ಸಾಯುವವನು ಕೇಳುವ ಹಕ್ಕು ಅದು, ಮತ್ತು ಕೇಳಿದಾಗ ಯಾರೂ "ಮಿಷಿನ್ ಸುಳ್ಳು ಹೇಳುತ್ತಾ?" ಅಂತ ನಗಲಿಲ್ಲ. ನಮ್ಮವ್ವ ಕೇಳಿದ್ದೂ ಅದನ್ನೇ. ಅವಳು ಗಗನಯಾತ್ರಿ ಆಗಿರಲಿಲ್ಲ ಅಷ್ಟೆ.

ಸಿನಿಮಾದಲ್ಲಿ ಬಿಳಿಯ ಬಾಸ್ ಸುತ್ತಿಗೆ ಹಿಡಿದು ಬಾತ್‌ರೂಮಿನ ಬೋರ್ಡು ಒಡೆಯುವ ದೃಶ್ಯಕ್ಕೆ ಚಪ್ಪಾಳೆ ಹೊಡೀಬೇಡಿ, ಅದು ಕಟ್ಟುಕಥೆ, ಆ ಬಾಸ್ ಕೂಡ ಹಲವರನ್ನ ಸೇರಿಸಿ ಮಾಡಿದ ಪಾತ್ರ. ಚಪ್ಪಾಳೆ ಡೊರೊಥಿ ವಾನ್‌ಗೆ ಇಟ್ಕೊಳ್ಳಿ. ಯಂತ್ರ ಬಂದರೆ ನಮ್ಮ ಕೆಲಸ ಹೋಗುತ್ತೆ ಅಂತ ಮೊದಲೇ ಅರ್ಥ ಮಾಡಿಕೊಂಡು, ತಾನೇ ಫೋರ್ಟ್ರಾನ್ ಕಲಿತು, ತನ್ನ ಜೊತೆಯವರಿಗೂ ಕಲಿಸಿದ ಹೆಂಗಸು. ಎಐ ಬಂತು ಎಐ ಬಂತು ಅಂತ ಲಿಂಕ್ಡ್‌ಇನ್‌ನಲ್ಲಿ ನಡುಗುತ್ತಿರುವ ನಾವು ನೋಡಲೇಬೇಕಾದದ್ದು.

ಮೂರನೆಯದು: ಮಿಸ್ಟರ್ ಬೇಟ್ಸ್ ವರ್ಸಸ್ ದಿ ಪೋಸ್ಟ್ ಆಫೀಸ್

ಇದನ್ನ ಹೇಳೋಕೇ ನಾನು ಈ ಲೇಖನ ಬರೀತಿರೋದು. ಬ್ರಿಟನ್ನಿನ ಐಟಿವಿಯಲ್ಲಿ 2024ರ ಹೊಸ ವರ್ಷದ ಮೊದಲ ನಾಲ್ಕು ರಾತ್ರಿ ಬಂದ ನಾಲ್ಕು ಕಂತಿನ ಸೀರೀಸ್. ಬರೆದವರು ಗ್ವಿನೆತ್ ಹ್ಯೂಸ್, ಮುಖ್ಯ ಪಾತ್ರದಲ್ಲಿ ಟೋಬಿ ಜೋನ್ಸ್. ಬಾಂಬಿಲ್ಲ, ರಾಕೆಟ್ಟಿಲ್ಲ. ಕೌಂಟರ್, ಕಂಪ್ಯೂಟರ್, ಫೋನು, ಕಣ್ಣೀರು. ಅಷ್ಟೆ.

ನಮ್ಮೂರಲ್ಲಿ ಪೋಸ್ಟಾಫೀಸು ಅಂದ್ರೆ ಪೋಸ್ಟ್ ಮಾಸ್ಟರ ಮನೆಯ ಪಡಸಾಲೆ. ಒಂದು ಮೇಜು, ಒಂದು ಕಬ್ಬಿಣದ ಪೆಟ್ಟಿಗೆ, ಒಂದು ಮುದ್ರೆ. ವಿಧವೆಯರ ಪಿಂಚಣಿ, ಮಕ್ಕಳ ಆರ್‌ಡಿ ಎಲ್ಲಾ ಅಲ್ಲೇ. ಊರಿನ ಗುಟ್ಟೆಲ್ಲಾ ಗೊತ್ತಿದ್ದೂ ಬಾಯಿ ಬಿಡದ ಮನುಷ್ಯ ಆತ. ಬ್ರಿಟನ್ನಿನ ಸಬ್ ಪೋಸ್ಟ್ ಮಾಸ್ಟರ್‌ಗಳೂ ಹೆಚ್ಚುಕಮ್ಮಿ ಇಂಥವರೇ. ತಮ್ಮ ದುಡ್ಡು ಹಾಕಿ ಊರಲ್ಲಿ ಚಿಕ್ಕ ಅಂಗಡಿ ನಡೆಸ್ತಾ, ಅದರಲ್ಲೇ ಒಂದು ಮೂಲೆಯಲ್ಲಿ ಪೋಸ್ಟ್ ಆಫೀಸ್ ಕೌಂಟರ್ ನೋಡಿಕೊಳ್ಳುವವರು. 1999ರಿಂದ ಈ ಕೌಂಟರುಗಳಿಗೆಲ್ಲ ಹೊರೈಜನ್ ಅನ್ನುವ ಕಂಪ್ಯೂಟರ್ ವ್ಯವಸ್ಥೆ ಬಂತು. ಮಾಡಿಕೊಟ್ಟದ್ದು ಫುಜಿಟ್ಸು. ಕಾಗದದ ಲೆಕ್ಕ ಹೋಗಿ ಪರದೆಯ ಲೆಕ್ಕ ಬಂತು.

ಬಂದ ಸ್ವಲ್ಪ ದಿನಕ್ಕೇ ಅಲ್ಲಲ್ಲಿ ಲೆಕ್ಕ ತಪ್ಪೋಕೆ ಶುರುವಾಯ್ತು. ಪೆಟ್ಟಿಗೆಯಲ್ಲಿ ಇಷ್ಟು ಹಣ ಇರಬೇಕು ಅಂತ ಪರದೆ ಹೇಳುತ್ತೆ, ಎಣಿಸಿದರೆ ಅಷ್ಟಿಲ್ಲ. ಕೊರತೆಯನ್ನ ನೀವೇ ತುಂಬಿ ಅಂತ ಪೋಸ್ಟ್ ಆಫೀಸ್. ವೇಲ್ಸ್‌ನ ಲಾಂಡಡ್ನೊ ಹತ್ತಿರ ಅಂಗಡಿ ನಡೆಸುತ್ತಿದ್ದ ಆಲನ್ ಬೇಟ್ಸ್ ತುಂಬಲ್ಲ ಅಂದ. ತಪ್ಪು ನನ್ನದು ಅಂತ ತೋರಿಸಿ, ಆಮೇಲೆ ಕೊಡ್ತೀನಿ ಅಂದ. 2003ರಲ್ಲಿ ಅವನ ಪೋಸ್ಟ್ ಆಫೀಸನ್ನ ಕಿತ್ತುಕೊಂಡರು.

ಹ್ಯಾಂಪ್‌ಶೈರಿನ ಒಂದು ಹಳ್ಳಿಯ ಜೋ ಹ್ಯಾಮಿಲ್ಟನ್ ಕಥೆ ನೋಡಿ. ಎರಡು ಸಾವಿರ ಪೌಂಡ್ ಕೊರತೆ ತೋರಿಸ್ತಿದೆ ಅಂತ ಸಹಾಯವಾಣಿಗೆ ಫೋನ್ ಮಾಡ್ತಾಳೆ. ಅವರು ಹೇಳಿದ ಹಾಗೇ ಬಟನ್ ಒತ್ತುತ್ತಾಳೆ. ಕಣ್ಣೆದುರೇ ಕೊರತೆ ನಾಲ್ಕು ಸಾವಿರ ಆಗುತ್ತೆ! ಈ ದೃಶ್ಯ ನೋಡಿದಾಗ ನಾನು ಪಾಸ್ ಒತ್ತಿ ಎದ್ದು ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದೆ. ಕೊನೆಗೆ ಆಕೆಯ ಮೇಲೆ ಹೊರಿಸಿದ್ದು 36,000 ಪೌಂಡ್. ಕಳ್ಳತನದ ಆರೋಪ ಬಿಡ್ತೀವಿ, ಲೆಕ್ಕ ತಪ್ಪು ಬರೆದೆ ಅಂತ ಒಪ್ಪಿಕೊ ಅಂದರು. ಜೈಲಿನ ಹೆದರಿಕೆಗೆ ಒಪ್ಪಿಕೊಂಡಳು. ಮನೆ ಅಡವಿಟ್ಟಳು. ಊರವರು ಚಂದಾ ಎತ್ತಿ ಕೊಟ್ಟರು, ಕೋರ್ಟಿಗೂ ಜೊತೆಗೆ ಬಂದರು. ಆ ಊರವರಿಗೆ ಆಕೆ ಕದ್ದಿಲ್ಲ ಅಂತ ಗೊತ್ತಿತ್ತು. ಕಂಪ್ಯೂಟರಿಗೆ ಗೊತ್ತಿರಲಿಲ್ಲ, ಕೋರ್ಟು ಕಂಪ್ಯೂಟರನ್ನ ನಂಬಿತು.

ಬ್ರಿಡ್ಲಿಂಗ್ಟನ್ನಿನ ಲೀ ಕ್ಯಾಸಲ್‌ಟನ್ ಸಹಾಯವಾಣಿಗೆ 91 ಸಲ ಫೋನ್ ಮಾಡಿದ್ದ. 25,000 ಪೌಂಡಿನ ಕೊರತೆಗೆ ಕೋರ್ಟಿಗೆ ಹೋಗಿ ಸೋತು, ಎದುರು ಪಕ್ಷದ ಖರ್ಚು 3,21,000 ಪೌಂಡ್ ತಲೆ ಮೇಲೆ ಬಿದ್ದು ದಿವಾಳಿಯಾದ. ಸೀರೀಸ್ ಮುಗಿಸಿ ಓದುತ್ತಾ ಹೋದಾಗ ಸಿಕ್ಕ ಹೆಸರು ಸೀಮಾ ಮಿಶ್ರಾ, ಭಾರತ ಮೂಲದವರು. ಸರ್ರಿಯ ವೆಸ್ಟ್ ಬೈಫ್ಲೀಟ್‌ನಲ್ಲಿ ಪೋಸ್ಟ್ ಆಫೀಸ್ ನಡೆಸುತ್ತಿದ್ದ ಅವರನ್ನ 2010ರ ನವೆಂಬರ್‌ನಲ್ಲಿ 15 ತಿಂಗಳ ಜೈಲಿಗೆ ಕಳಿಸಿದರು. ಆಗವರು ಗರ್ಭಿಣಿ. ದೊಡ್ಡ ಮಗನಿಗೆ ಅವತ್ತು ಹತ್ತನೇ ಹುಟ್ಟುಹಬ್ಬ.

ದೂರು ಹೇಳಿದ ಒಬ್ಬೊಬ್ಬರಿಗೂ ಸಿಕ್ಕ ಉತ್ತರ ಒಂದೇ: "ಬೇರೆ ಯಾರಿಗೂ ಈ ಸಮಸ್ಯೆ ಇಲ್ಲ, ನಿಮಗೊಬ್ಬರಿಗೇ." 1999ರಿಂದ 2015ರವರೆಗೆ ಹೀಗೆ "ಒಬ್ಬರೇ" ಆಗಿ ಶಿಕ್ಷೆ ಪಡೆದವರು 900ಕ್ಕೂ ಹೆಚ್ಚು. ಅದರಲ್ಲಿ ಸುಮಾರು 700 ಜನರ ಮೇಲೆ ಕೇಸು ಹಾಕಿದ್ದು ಸ್ವತಃ ಪೋಸ್ಟ್ ಆಫೀಸೇ. ಪೊಲೀಸರಿಲ್ಲದೆ ತಾನೇ ತನಿಖೆ ಮಾಡಿ ತಾನೇ ಮೊಕದ್ದಮೆ ಹೂಡಬಹುದಿತ್ತು ಅದು.

ಒಬ್ಬಂಟಿತನ ಮುರಿದದ್ದು 2009ರಲ್ಲಿ. ಕಂಪ್ಯೂಟರ್ ವೀಕ್ಲಿ ಅನ್ನುವ ಪತ್ರಿಕೆ ಆ ವರ್ಷದ ಮೇ ತಿಂಗಳಲ್ಲಿ ಇಂಥ ಏಳು ಜನರ ಕಥೆ ಪ್ರಕಟಿಸಿತು. ಬೇಟ್ಸ್ ವಾರ್ವಿಕ್‌ಶೈರಿನ ಫೆನ್ನಿ ಕಾಂಪ್ಟನ್ ಎಂಬ ಹಳ್ಳಿಯ ಸಭಾಭವನದಲ್ಲಿ ಒಂದು ಮೀಟಿಂಗ್ ಕರೆದ. ಅಲ್ಲಿ ಒಬ್ಬೊಬ್ಬರೇ ಒಳಗೆ ಬಂದು, ತನ್ನದೇ ಕಥೆಯನ್ನ ಇನ್ನೊಬ್ಬರ ಬಾಯಲ್ಲಿ ಕೇಳುವ ದೃಶ್ಯ ಇದೆಯಲ್ಲ, ಅದಕ್ಕಾಗಿಯಾದರೂ ಈ ಸೀರೀಸ್ ನೋಡಿ.

ಮುಂದೆ 555 ಜನ ಸೇರಿ ಕೇಸು ಹಾಕಿದರು. 2019ರ ಡಿಸೆಂಬರ್‌ನಲ್ಲಿ 57.75 ಮಿಲಿಯನ್ ಪೌಂಡಿಗೆ ರಾಜಿಯಾಯ್ತು. ವಕೀಲರು, ಕೇಸಿಗೆ ಬಂಡವಾಳ ಹಾಕಿದವರು ತಮ್ಮ ಪಾಲು ತಗೊಂಡ ಮೇಲೆ ಇವರಿಗೆಲ್ಲ ಸೇರಿ ಉಳಿದದ್ದು ಸುಮಾರು 12 ಮಿಲಿಯನ್. ಆದರೆ ಹಣಕ್ಕಿಂತ ದೊಡ್ಡದು ಅದೇ ತಿಂಗಳು ನ್ಯಾಯಾಧೀಶ ಫ್ರೇಸರ್ ಕೊಟ್ಟ ತೀರ್ಪು. ಹೊರೈಜನ್‌ನಲ್ಲಿ ಕೊರತೆ ಸೃಷ್ಟಿಸಬಲ್ಲ ಬಗ್‌ಗಳಿದ್ದವು. ಇನ್ನೂ ಮುಖ್ಯವಾಗಿ, ಪೋಸ್ಟ್ ಮಾಸ್ಟರ್ ಬಿಟ್ಟು ಬೇರೆ ಯಾರೂ ಶಾಖೆಯ ಲೆಕ್ಕ ಮುಟ್ಟಲಾರರು ಅಂತ ವರ್ಷಗಟ್ಟಲೆ ಹೇಳಿದ್ದು ನಿಜವಲ್ಲ. ಫುಜಿಟ್ಸುವಿನವರು ದೂರದಿಂದಲೇ ಲೆಕ್ಕದೊಳಗೆ ಕೈ ಹಾಕಬಹುದಿತ್ತು. ಪ್ರೊಡಕ್ಷನ್ ಡೇಟಾಬೇಸಿಗೆ ನೇರ ಆಕ್ಸೆಸ್ ಅಂದ್ರೆ ಏನು ಅಂತ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಬಗ್ ಮಾತ್ರ ಹೇಳ್ತೀನಿ, ಯಾಕಂದ್ರೆ ಅದು ನಿಮ್ಮ ಕೋಡಿನಲ್ಲೂ ಇರಬಹುದು. 2015ರಲ್ಲಿ ಸ್ಕಾಟ್ಲೆಂಡಿನ ಡಾಲ್ಮೆಲಿಂಗ್ಟನ್ ಶಾಖೆಯ ಮಹಿಳೆ 8,000 ಪೌಂಡನ್ನ ಇನ್ನೊಂದು ಕಡೆಗೆ ವರ್ಗಾಯಿಸೋಕೆ ಹೋದರು. ಪರದೆ ಅಲ್ಲಾಡದೆ ನಿಂತ್ಕೊಂಡಿತು. ಮತ್ತೆ ಎಂಟರ್ ಒತ್ತಿದರು. ನಾವೆಲ್ಲ ಮಾಡೋದೇ ಅದು ತಾನೆ? ಒಟ್ಟು ನಾಲ್ಕು ಸಲ ಆಯ್ತು. ಸಿಸ್ಟಮ್ಮು ಒಂದೇ ವರ್ಗಾವಣೆಯನ್ನ ನಾಲ್ಕು ಅಂತ ಬರೆದುಕೊಂಡಿತು. 24,000 ಪೌಂಡ್ ವ್ಯತ್ಯಾಸ. ಒಂದೇ ಬೇಡಿಕೆ ಎಷ್ಟು ಸಲ ಬಂದರೂ ಒಂದೇ ಸಲ ಲೆಕ್ಕಕ್ಕೆ ಹಿಡಿಯಬೇಕು ಅನ್ನೋದನ್ನ ಇಂಟರ್‌ವ್ಯೂನಲ್ಲಿ ಐಡೆಂಪೊಟೆನ್ಸಿ ಅಂತ ಕೇಳ್ತೀವಿ. ಉತ್ತರ ಹೇಳದಿದ್ದರೆ ರಿಜೆಕ್ಟ್ ಮಾಡ್ತೀವಿ. ಇಲ್ಲಿ ಅದು ತಪ್ಪಿದರೆ ಕೌಂಟರಿನಲ್ಲಿ ಕೂತವರ ತಲೆ ಮೇಲೆ ಬರುತ್ತಿತ್ತು.

ನಂಬಿಕೆ ಕಾನೂನಾದಾಗ

ಇಷ್ಟು ವರ್ಷ ಕೋರ್ಟುಗಳು ಏನು ಮಾಡ್ತಿದ್ದವು ಅಂತ ನನಗೂ ಸಿಟ್ಟು ಬಂತು. ಹುಡುಕಿದಾಗ ಸಿಕ್ಕ ಉತ್ತರ ಇನ್ನೂ ವಿಚಿತ್ರ. ಇಂಗ್ಲೆಂಡಿನಲ್ಲಿ 1984ರ ಒಂದು ಕಾಯ್ದೆಯ 69ನೇ ಸೆಕ್ಷನ್ ಪ್ರಕಾರ, ಕ್ರಿಮಿನಲ್ ಕೇಸಿನಲ್ಲಿ ಕಂಪ್ಯೂಟರ್ ದಾಖಲೆ ತರುವವರು ಆ ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡ್ತಿತ್ತು ಅಂತ ತೋರಿಸಬೇಕಿತ್ತು. ಇದು ದೊಡ್ಡ ತಲೆನೋವು ಅಂತ 1999ರ ಕಾಯ್ದೆಯ ಮೂಲಕ ಅದನ್ನ ತೆಗೆದುಹಾಕಿದರು, 2000ದಲ್ಲಿ ಜಾರಿಗೆ ಬಂತು. ಅಲ್ಲಿಂದಾಚೆ ಕಂಪ್ಯೂಟರ್ ಸರಿಯಾಗೇ ಇದೆ ಅಂತ ಕೋರ್ಟು ಮೊದಲೇ ಭಾವಿಸುತ್ತೆ. ಇಲ್ಲ ಅನ್ನುವವನು ಅದಕ್ಕೆ ಆಧಾರ ತರಬೇಕು. ಹಳ್ಳಿ ಅಂಗಡಿಯವಳು ಫುಜಿಟ್ಸುವಿನ ಲಾಗ್ ಎಲ್ಲಿಂದ ತರ್ತಾಳೆ? ಹೊರೈಜನ್ ಊರೂರಿಗೆ ಬರುತ್ತಿದ್ದ ಹೊತ್ತಿಗೇ ಸರಿಯಾಗಿ "ಮಿಷಿನ್ ಸುಳ್ ಹೇಳ್ತದಾ" ಅನ್ನೋದು ಅಲ್ಲಿ ಕಾನೂನೇ ಆಗಿಬಿಟ್ಟಿತು.

ನಮ್ಮಲ್ಲಿ ಹೇಗೆ? ನಾನು ವಕೀಲನಲ್ಲ, ಆದರೂ ಇಷ್ಟು ಹೇಳಬಹುದು. 2000ದ ಐಟಿ ಕಾಯ್ದೆಯ ಮೂಲಕ ನಮ್ಮ ಸಾಕ್ಷ್ಯ ಕಾಯ್ದೆಗೆ 65ಬಿ ಅನ್ನುವ ಸೆಕ್ಷನ್ ಬಂತು. ಕಂಪ್ಯೂಟರ್ ದಾಖಲೆಯ ಜೊತೆ, ಆ ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡ್ತಿತ್ತು ಎಂಬುದೂ ಸೇರಿ ಕೆಲವು ವಿಷಯಗಳಿಗೆ ಸಹಿ ಹಾಕಿದ ಪ್ರಮಾಣಪತ್ರ ಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನಲ್ಲೂ ಅದು ಉಳಿದಿದೆ, ತಜ್ಞರ ಸಹಿಯೂ ಸೇರಿದೆ. ಇಂಗ್ಲೆಂಡ್ ಬಿಸಾಡಿದ್ದನ್ನ ನಾವು ಎತ್ತಿಟ್ಟುಕೊಂಡ ಹಾಗೆ. ಒಳ್ಳೇದೇ. ಆದರೆ ಪ್ರಮಾಣಪತ್ರ ಅಂದ್ರೆ ಕೊನೆಗೂ ಒಂದು ನಮೂನೆ. ತುಂಬುವವನು ಮನಸಿಟ್ಟು ತುಂಬಿದರೆ ಮಾತ್ರ ಅದಕ್ಕೆ ಬೆಲೆ.

ಕೋರ್ಟು 2021ರ ಏಪ್ರಿಲ್‌ನಲ್ಲಿ ಒಂದೇ ದಿನ 39 ಜನರ ಶಿಕ್ಷೆ ರದ್ದು ಮಾಡಿತು, ಅದರಲ್ಲಿ ಜೋ ಹ್ಯಾಮಿಲ್ಟನ್, ಸೀಮಾ ಮಿಶ್ರಾ ಇಬ್ಬರೂ ಇದ್ದರು. ಉಳಿದವರು ಕಾಯುತ್ತಲೇ ಇದ್ದರು. 2024ರ ಜನವರಿಯಲ್ಲಿ ಸೀರೀಸ್ ಬಂತು. ಇಪ್ಪತ್ತು ವರ್ಷ ಪತ್ರಿಕೆಗಳು, ಕೋರ್ಟು, ವಿಚಾರಣಾ ಆಯೋಗ ಎಲ್ಲಾ ಸೇರಿ ಅಲ್ಲಾಡಿಸಲಾಗದ ದೇಶವನ್ನ ನಾಲ್ಕು ರಾತ್ರಿ ಅಲ್ಲಾಡಿಸಿತು. ಪೋಸ್ಟ್ ಆಫೀಸಿನ ಮುಖ್ಯಸ್ಥೆಯಾಗಿದ್ದ ಪೌಲಾ ವೆನೆಲ್ಸ್‌ಗೆ ಕೊಟ್ಟಿದ್ದ ಗೌರವ ಪದವಿ ವಾಪಸ್ ತಗೊಳ್ಳಿ ಅಂತ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಆಕೆ ವಾಪಸ್ ಮಾಡಿದಳು. ಅದೇ ಮೇ ತಿಂಗಳಲ್ಲಿ ಪಾರ್ಲಿಮೆಂಟೇ ಕಾಯ್ದೆ ತಂದು ನೂರಾರು ಜನರ ಶಿಕ್ಷೆಯನ್ನ ಒಟ್ಟಿಗೆ ಅಳಿಸಿಹಾಕಿತು. 2025ರ ಜುಲೈನಲ್ಲಿ ವಿಚಾರಣಾ ಆಯೋಗ ತನ್ನ ವರದಿಯ ಮೊದಲ ಭಾಗದಲ್ಲಿ, 13 ಮಂದಿಯಾದರೂ ಈ ಹಗರಣದಿಂದಾಗಿ ಜೀವ ತೆಗೆದುಕೊಂಡಿರಬಹುದು ಅಂತ ಬರೆಯಿತು. ಅವರ ಹೆಸರನ್ನ ಯಾವ ಕಾಯ್ದೆಯಿಂದ ತೊಳೆದರೂ ಅವರು ಬಂದು ನೋಡಲ್ಲ.

ನನ್ನ ಟಿಕೆಟ್

ಇನ್ನೊಬ್ಬರ ತಪ್ಪು ಹೇಳುವುದು ಸುಲಭ. ನನ್ನದೂ ಒಂದಿದೆ.

ಕೆಲಸಕ್ಕೆ ಸೇರಿದ ಎರಡನೇ ವರ್ಷ. ಹೊರದೇಶದ ಅಂಗಡಿಗಳ ಬಿಲ್ಲಿಂಗ್ ಸಾಫ್ಟ್‌ವೇರಿನ ಸಪೋರ್ಟ್ ತಂಡದಲ್ಲಿದ್ದೆ. ಒಂದು ಅಂಗಡಿಯಿಂದ ದೂರು ಬಂತು: ದಿನದ ಕೊನೆಗೆ ಗಲ್ಲದಲ್ಲಿ ಹಣ ಕಮ್ಮಿ ಬರ್ತಿದೆ. ಲಾಗ್ ನೋಡಿದೆ, ನನ್ನ ಮಿಷಿನ್ನಿನಲ್ಲಿ ಮಾಡಿ ನೋಡಿದೆ, ಸರಿಯಾಗೇ ಬಂತು. "ಯೂಸರ್ ಎರರ್" ಅಂತ ಬರೆದು ಮುಚ್ಚಿದೆ. ಮತ್ತೆ ತೆರೆದರು, ಮತ್ತೆ ಮುಚ್ಚಿದೆ. ಮೂರನೇ ಸಲ ಅವರು ಉದ್ದಕ್ಕೆ ಬರೆದಿದ್ದರು, ನಾನೇ ಮೂರು ಸಲ ಎಣಿಸಿದ್ದೀನಿ ಅಂತ. ಅವತ್ತು ಶುಕ್ರವಾರ, ರಾತ್ರಿ ಊರಿಗೆ ಬಸ್ಸಿತ್ತು. ಓದದೇ ಮುಚ್ಚಿದೆ. ನಾಲ್ಕನೇ ಸಲ ಟಿಕೆಟ್ ಬರಲಿಲ್ಲ. ತಿಂಗಳ ಕೊನೆಗೆ ನಮ್ಮ ತಂಡಕ್ಕೆ ಟಿಕೆಟ್ ಬೇಗ ಮುಗಿಸಿದ್ದಕ್ಕೆ ಶಹಬ್ಬಾಸ್ ಸಿಕ್ಕಿತು.

ಎಂಟು ತಿಂಗಳಾದ ಮೇಲೆ ಜೊತೆಯವನೊಬ್ಬ ಕಂಡುಹಿಡಿದ. ನೆಟ್‌ವರ್ಕ್ ಹೋಗಿ ಬಂದಾಗ ಒಂದೇ ಬಿಲ್ಲು ಎರಡು ಸಲ ದಾಖಲಾಗುತ್ತಿತ್ತು. ನಮ್ಮ ಆಫೀಸಿನ ನೆಟ್‌ವರ್ಕ್ ಹೋಗುತ್ತಲೇ ಇರಲಿಲ್ಲ, ಹಾಗಾಗಿ ನನಗೆ ಬಂದಿರಲಿಲ್ಲ. ಸರಿಮಾಡಿದೆವು. ರಿಲೀಸ್ ನೋಟಿನಲ್ಲಿ ಒಂದು ಸಾಲು ಬಂತು. ಆ ಅಂಗಡಿಯ ಗಲ್ಲದಲ್ಲಿ ಕೂತಿದ್ದವರು ಆ ಎಂಟು ತಿಂಗಳು ಕೊರತೆಯನ್ನ ಕೈಯಿಂದ ತುಂಬಿದರಾ, ಕೆಲಸ ಕಳ್ಕೊಂಡರಾ, ಗೊತ್ತಿಲ್ಲ. ಗಂಡಸೋ ಹೆಂಗಸೋ ಅದೂ ಗೊತ್ತಿಲ್ಲ. ಅಂಗಡಿ ನಂಬರ್ ಮಾತ್ರ ಇವತ್ತಿಗೂ ಬಾಯಿಗೆ ಬರುತ್ತೆ.

ಈಗ ಡೈರಿ. ಅವ್ವ ಜಗಳ ಆಡಿದ ನಾಲ್ಕು ತಿಂಗಳಿಗೆ ಊರಲ್ಲಿ ಇನ್ನೂ ಎಂಟು ಹತ್ತು ಮನೆಯವರದ್ದು ಫ್ಯಾಟ್ ಇಳಿಯಿತು. ಗಂಡಸರೂ ಜಗಳಕ್ಕೆ ನಿಂತ ಮೇಲೆ ಮೆಕ್ಯಾನಿಕ್ ಬಂದ. ಒಳಗಿನ ಪೈಪಿನಲ್ಲಿ ಹಾಲಿನ ಜಿಡ್ಡು ಕಟ್ಟಿಕೊಂಡಿತ್ತು. ತೊಳೆದು, ಹೊಂದಿಸಿ ಹೋದ. ಮರುದಿನ ಬೆಳಿಗ್ಗೆ ನಮ್ಮ ಹಸುವಿನ ಹಾಲು ಮೂರೂವರೆ ದಾಟಿತು. ನನಗೆ ಹಾಸ್ಟೆಲಿಗೆ ಫೋನ್ ಮಾಡಿದಾಗ ಅವ್ವ ಇದನ್ನ ಹೇಳಿದಳು. ಗೆದ್ದ ದನಿಯಲ್ಲಲ್ಲ, ಮಳೆ ಬಂತು ಅನ್ನೋ ಹಾಗೆ. ನಾನು "ಹೂಂ" ಅಂದೆ. ತಪ್ಪಾಯ್ತು ಅಂತ ಹೇಳಲಿಲ್ಲ.

ಹೋದ ಭಾನುವಾರ ಊರಿಗೆ ಹೋಗಿದ್ದೆ. ರಾತ್ರಿ ಊಟ ಆದ ಮೇಲೆ ಅವ್ವನಿಗೆ ಈ ಬೇಟ್ಸ್ ಕಥೆಯನ್ನ ನಮ್ಮೂರ ಮಾತಲ್ಲಿ ಪೂರ್ತಿ ಹೇಳಿದೆ. ಗರ್ಭಿಣಿಯನ್ನ ಜೈಲಿಗೆ ಹಾಕಿದ್ದು ಕೇಳಿ "ಅಯ್ಯೋ ಪಾಪಿಗಳಾ" ಅಂದಳು. ಕಥೆ ಮುಗಿದ ಮೇಲೆ ಹದಿನೆಂಟು ವರ್ಷ ತಡವಾಗಿ ಹೇಳಿದೆ, "ಅವತ್ತು ನೀನು ಹೇಳಿದ್ದೇ ಸರಿ ಇತ್ತು ಅವ್ವ, ನಾನು ಕೇಳಬೇಕಿತ್ತು" ಅಂತ. ಅವಳು ಎಲೆಗೆ ಸುಣ್ಣ ಸವರುತ್ತಾ ಕೇಳಿದಳು:

"ಅದಿರ್ಲಿ, ಆ ಜನಕ್ಕೆ ದುಡ್ ವಾಪಸ್ ಕೊಟ್ರಾ?"

"ಕೊಡ್ತಾ ಅವ್ರೆ. ಎಲ್ಲಾರ್ಗೂ ಇನ್ನೂ ಬಂದಿಲ್ವಂತೆ."

"ನಮ್ ಡೈರಿದೂ ಬಂದಿಲ್ಲ ಬುಡು," ಅಂದು ಎಲೆ ಬಾಯಿಗೆ ಹಾಕ್ಕೊಂಡಳು.